ಎರಡೂ ಚೀಟಿಯಲ್ಲಿ ನನ್ನದೇ ಕಾರ್ಡು

ಎರಡೂ ಚೀಟಿಗಳಲ್ಲಿ ನಾನು ಬರೆದದ್ದು ಒಂದೇ ಹೆಸರು — ನಾನು ಆರಿಸಿದ್ದ ಕಾರ್ಡಿನದು. ನೀನು ಆರಿಸಿದ್ದ ಕಾರ್ಡಿನ ಹೆಸರು ಊರಮ್ಮನ ಮುಂದೆ ಬರಲೇ ಇಲ್ಲ, ಕೊಟ್ರೇಶ. ಆಕೆ ನಿನ್ನ ಮಾತನ್ನು ತಳ್ಳಿಹಾಕಲಿಲ್ಲ. ನಿನ್ನ ಮಾತು ಆಕೆಯವರೆಗೆ ಮುಟ್ಟದಂತೆ ನಾನು ಮಾಡಿದೆ.

ನಿನಗೆ ಇಷ್ಟು ಸಾಕು. ಆದರೆ ಇದನ್ನು ಬೇರೆಯವರೂ ಓದಬೇಕಾಗಿದೆ, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ — ನಿನ್ನ ಮೇಲೆ ಪ್ರೀತಿ ಉಕ್ಕಿ ಬರೆಯುತ್ತಿರುವುದಲ್ಲ ಇದು. ನೀನು ನನಗೆ ಅಂದೂ ಸೇರುತ್ತಿರಲಿಲ್ಲ, ಇಂದೂ ಸೇರುವುದಿಲ್ಲ. ಸ್ಕ್ರೂ ಬಿಚ್ಚುವಾಗ ಹಲ್ಲಿನ ಸಂದಿಯಲ್ಲಿ ಊದುತ್ತಿದ್ದ ಆ ಸಿಳ್ಳೆ, ಪ್ರತಿ ಕೇಬಲ್ಲಿಗೂ ಬಣ್ಣದ ದಾರ ಕಟ್ಟಿ ಗುರುತು ಮಾಡುವ ನಿನ್ನ ಅಚ್ಚುಕಟ್ಟು, ಬೇರೆಯವರ ಮೇಜಿನ ಮೇಲಿನ ಕಾಗದದ ಕಡೆ ಕಣ್ಣು ಹೊರಳಿಸದ ನಿನ್ನ ಸಭ್ಯತೆ — ಎಲ್ಲವೂ ನನ್ನನ್ನು ಚುಚ್ಚುತ್ತಿದ್ದವು. ತಪ್ಪು ಮಾಡಿದವನು ಕೊನೆಗೆ ಕರಗುತ್ತಾನೆ, ಅವನ ಕಣ್ಣೀರಿನಲ್ಲಿ ತಾವೂ ಸ್ವಲ್ಪ ಕೈ ತೊಳೆಯಬಹುದು ಎಂದು ಕಾದು ಕುಳಿತ ಓದುಗರಿದ್ದರೆ ಈಗಲೇ ಎದ್ದು ಹೋಗಲಿ. ನಾನು ಕರಗುವವನಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ, ಹಳೆಯ ಶೇಂಗಾ ಮಿಲ್ಲಿನ ಜಾಗದಲ್ಲಿ ಯಜಮಾನರು ಕಟ್ಟಿಸಿದ ಸ್ಕ್ಯಾನಿಂಗ್ ಕೇಂದ್ರ ನಮ್ಮದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಲ್ಲಿ ಒಂದೊಂದು ಸಣ್ಣ ಶಾಖೆ. ಐದೂ ಕಡೆ ತೆಗೆದ ತಲೆ, ಎದೆ, ಹೊಟ್ಟೆಯ ಚಿತ್ರಗಳು ನಮ್ಮ ಸರ್ವರ್ ಕೋಣೆಗೆ ಬಂದು ಸೇರುತ್ತಿದ್ದವು. ಆ ಕೋಣೆಯಲ್ಲಿ ಇಬ್ಬರೇ. ನಾನು — ಹರಪನಹಳ್ಳಿಯವನು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವನು, ವಿಭಾಗದ ಮುಖ್ಯಸ್ಥ. ನೀನು — ಕಾನಹೊಸಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಡಿಪ್ಲೊಮಾ. ಇಬ್ಬರ ವಿಭಾಗಕ್ಕೆ ಮುಖ್ಯಸ್ಥನೊಬ್ಬ ಬೇಕೇ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಕೇಳದೆ ಇದ್ದದ್ದೂ ನನಗೆ ಅವಮಾನದ ಹಾಗೆಯೇ ಕಾಣುತ್ತಿತ್ತು.

ನನ್ನ ದ್ವೇಷ ಎಲ್ಲಿ ಶುರುವಾಯಿತು — ಇಲ್ಲಿ ನೆನಪು ಒಂದು ದೃಶ್ಯವನ್ನು ತಕ್ಷಣ ಎತ್ತಿ ಕೊಡುತ್ತದೆ. ಅಷ್ಟು ತಕ್ಷಣ ಕೊಡುವ ನೆನಪನ್ನು ನಾನು ನಂಬುವುದಿಲ್ಲ, ಆದರೂ ಬೇರೆ ಇಲ್ಲ. ಹೊಸ ಸರ್ವರ್‌ಗೆ ನಾನು ತರಿಸಿದ್ದ ಒಂದು ಕಾರ್ಡಿನ ಅಂಚಿನ ತಗಡು ಎತ್ತರವಾಗಿತ್ತು, ಸರ್ವರ್ ಪೆಟ್ಟಿಗೆ ಗಿಡ್ಡ. ಡಾಕ್ಟರು, ಯಜಮಾನರು ಎಲ್ಲರೂ ನಿಂತಿದ್ದರು. ನಾನು ಒತ್ತಿದೆ. ಮತ್ತೆ ಒತ್ತಿದೆ. ನೀನು ಮೆಲ್ಲಗೆ, "ಸರ, ಅದು ಕುಂದ್ರಂಗಿಲ್ರಿ. ಎಮ್ಮಿ ತಂದು ಕೋಳಿ ಗೂಡಿನ್ಯಾಗ ಕಟ್ಟಿದಂಗ ಆತು" ಎಂದೆ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ನಗಲಿಲ್ಲ. ಕಾರ್ಡು ಇಸಿದುಕೊಂಡು, ತಗಡು ಬಿಚ್ಚಿ, ಡಬ್ಬಿಯ ತಳದಲ್ಲಿ ನಾನು ನೋಡಿಯೇ ಇರದ ಗಿಡ್ಡ ತಗಡು ಹುಡುಕಿ ಹಾಕಿ, ಕೂರಿಸಿದೆ. ಸಿಳ್ಳೆ ಊದುತ್ತಾ.

ಇದೇ ಕಾರಣ ಎಂದು ಬರೆದರೆ ಅದು ಅರ್ಧ ಸುಳ್ಳು. ಇದಕ್ಕಿಂತ ಮುಂಚೆಯೂ — ಇರಲಿ.

ಆ ವರ್ಷ ಚಿತ್ರಗಳು ಹೆಚ್ಚಾಗಿ, ಅವನ್ನೆಲ್ಲ ಇಡಲು ಪ್ರತ್ಯೇಕ ಸ್ಟೋರೇಜ್ ಪೆಟ್ಟಿಗೆ ಬಂತು. ಸರ್ವರ್‌ಗೂ ಆ ಪೆಟ್ಟಿಗೆಗೂ ನಡುವೆ ಚಿತ್ರಗಳಷ್ಟೇ ಓಡಾಡುವ ಒಂದು ಹಾದಿ. ಆ ಹಾದಿಗೆ ಸರ್ವರ್ ಕಡೆಯ ಬಾಗಿಲು ಎಂದರೆ ಒಂದು ಕಾರ್ಡು. ಪೆಟ್ಟಿಗೆ ಎರಡು ಬಗೆಯ ಕಾರ್ಡನ್ನು ಒಪ್ಪುತ್ತಿತ್ತು. ಒಂದು, ಈ ಕೆಲಸಕ್ಕೆಂದೇ ಮಾಡಿದ ಹೋಸ್ಟ್ ಅಡಾಪ್ಟರ್. ಇನ್ನೊಂದು, ನೆಟ್‌ವರ್ಕ್ ಕಾರ್ಡ್. ನೀನು ಹೋಸ್ಟ್ ಅಡಾಪ್ಟರ್ ಎಂದೆ — ಒಂದಲ್ಲ, ಬೇರೆ ಬೇರೆ ಎರಡು, ಒಂದು ಸತ್ತರೆ ಇನ್ನೊಂದು ನಡೆಸಲಿ ಎಂದು. ಆ ಕಾರ್ಡು ಪೆಟ್ಟಿಗೆ ಮಾಡಿದ ಕಂಪನಿಯೇ ಪರೀಕ್ಷೆ ಮಾಡಿ ಒಪ್ಪಿದ ಪಟ್ಟಿಯಲ್ಲಿತ್ತು. ನಾನು, ಕೇಬಲ್ ಸಿಕ್ಕಿಸಲು ನಾಲ್ಕು ಪೋರ್ಟುಗಳಿರುವ ಒಂದೇ ನೆಟ್‌ವರ್ಕ್ ಕಾರ್ಡ್ ಎಂದೆ. ಹೊಸದು, ವೇಗದ್ದು, ಡೇಟಾ ಸರಿಯಾಗಿ ಮುಟ್ಟಿತೇ ಎಂದು ತಾಳೆ ನೋಡುವ ಕೆಲಸವನ್ನು ಸರ್ವರ್‌ಗೆ ಬಿಡದೆ ತಾನೇ ಮಾಡುವಂಥದ್ದು. ಆ ಗುಣವನ್ನೇ ನಾನು ಹೊಗಳಿ ಹೊಗಳಿ ಹೇಳಿದೆ. ಅದು ಪಟ್ಟಿಯಲ್ಲಿರಲಿಲ್ಲ.

ನೆಟ್‌ವರ್ಕ್ ಕಾರ್ಡಿನ ಜಾತಿಯೇ ಕೆಟ್ಟದ್ದಲ್ಲ, ಪಟ್ಟಿಯಲ್ಲಿದ್ದ ಒಳ್ಳೆಯವನ್ನು ಹಾಕಿದ್ದರೆ ನಡೆಯುತ್ತಿತ್ತು. ನನಗೆ ಅದು ಗೊತ್ತಿತ್ತು. ಆದರೆ ಪಟ್ಟಿಯನ್ನು ಮುಂದಿಟ್ಟವನು ನೀನಾಗಿದ್ದೆ. ಪಟ್ಟಿಯಿಂದ ಆರಿಸಿದರೆ ನಿನ್ನ ಮಾತು ಕೇಳಿದಂತೆ ಆಗುತ್ತಿತ್ತು.

"ನಾಕು ಬಾಯಿ ಐತಿ, ನಾಕು ದಾರಿ ಅಂತ ಹೇಳ್ತೀರಲ್ರಿ ಸರ," ಎಂದೆ ನೀನು ಯಜಮಾನರ ಮುಂದೆ. "ಬಾಯಿ ನಾಕಾದ್ರೂ ಹೊಟ್ಟಿ ಒಂದ ಅಲ್ರಿ? ಅದು ಕೆಟ್ರ ನಾಕೂ ಬಾಯಿ ಮುಚ್ಚತಾವು. ಪಟ್ಟಿಯೊಳಗಿಲ್ಲದ್ದು ಬ್ಯಾಡ್ರಿ."

ಯಜಮಾನರಿಗೆ ಎರಡೂ ತಿಳಿಯಲಿಲ್ಲ. ಅವರಿಗೆ ಶೇಂಗಾ ತಿಳಿಯುತ್ತದೆ, ಮನುಷ್ಯರು ತಿಳಿಯುತ್ತಾರೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ತಿಳಿಯದ್ದನ್ನು ಅವರು ಊರಮ್ಮನ ಮುಂದೆ ಇಡುತ್ತಾರೆ. ಮಿಲ್ಲಿನ ಕಾಲದಿಂದಲೂ ಹಿತ್ತಿಲ ಬೇವಿನ ಬುಡದಲ್ಲಿ ಆಕೆಯ ಕಲ್ಲು ಇತ್ತು. ಕಟ್ಟಡವೇ ಆಕೆಯನ್ನು ಬಳಸಿ ಎದ್ದಿತು. ಬೋರು ಎಲ್ಲಿ ಕೊರೆಯಬೇಕು, ಸ್ಕ್ಯಾನ್ ಯಂತ್ರದ ಕೋಣೆಗೆ ಬಾಗಿಲು ಯಾವ ದಿಕ್ಕಿಗೆ — ಎಲ್ಲಕ್ಕೂ ಚೀಟಿ. "ಯಾಕ ಹೊಡದಾಡ್ತೀರಿ? ಅವ್ವನ ಮುಂದ ಹಾಕ್ರಿ. ಆಕಿ ಎತ್ತಿದ್ದು ತರಸೂಣು," ಎಂದರು. "ಸರ, ನಿಮ್ಮ ಅಕ್ಷರ ಛಲೋ ಐತಿ, ನೀವ ಬರೀರಿ."

ಆ ಹೊತ್ತನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದರೆ ಅದು ಸವೆದು ನುಣ್ಣಗಾಗಿದೆ. ಒಂದು ನೆನಪಿನಲ್ಲಿ ಮೊದಲ ಚೀಟಿ ಬರೆದು ಎರಡನೆಯದಕ್ಕೆ ಪೆನ್ನು ಇಟ್ಟಾಗ ಕೈ ತಾನಾಗಿಯೇ ಅದೇ ಅಕ್ಷರಗಳನ್ನು ಬರೆಯಿತು. ಇದು ನನಗೆ ಅನುಕೂಲದ ನೆನಪು, ಸುಳ್ಳಿರಬೇಕು. ಇನ್ನೊಂದರಲ್ಲಿ ಶಾಯಿ ಹಸಿರು, ಕಿಟಕಿಯಲ್ಲಿ ಅಳಿಲು. ನನ್ನ ಬಳಿ ಹಸಿರು ಪೆನ್ನು ಯಾವತ್ತೂ ಇರಲಿಲ್ಲ. ಅಳಿಲು ಎಲ್ಲಿಂದ ಬಂತೋ. ದೇವರನ್ನು ನಂಬದವನಿಗೆ ದೇವರ ಮುಂದೆ ಮೋಸ ಎಂಬುದೇ ಇಲ್ಲ ಎಂದು ಆಗ ನಾನು ಯೋಚಿಸಿದ್ದೆನೋ, ಆಮೇಲೆ ಕಟ್ಟಿಕೊಂಡೆನೋ — ಹೇಳಲಾರೆ. ಒಂದು ಮಾತ್ರ ಖಚಿತ. ಬರೆಯುವ ಮುಂಚೆ ನಾನು ಬಾಗಿಲು ಹಾಕಿಕೊಂಡೆ. ಎರಡು ಚೀಟಿ ಬರೆಯಲು ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ.

"ನೆಟ್‌ವರ್ಕ್ ಕಾರ್ಡ್." "ನೆಟ್‌ವರ್ಕ್ ಕಾರ್ಡ್."

ಚೀಟಿಗಳನ್ನು ಮಡಿಸಿ, ಅರಿಶಿನ ಹಚ್ಚಿ, ವೀಳ್ಯದೆಲೆಯ ಮೇಲಿಟ್ಟರು. ಎತ್ತಿದವಳು ಹುಲಿಗೆಮ್ಮ — ಕೇಂದ್ರದ ಕಸ ಗುಡಿಸುವ, ಅವ್ವನಿಗೆ ದೀಪ ಹಚ್ಚುವ ಮುದುಕಿ. ಕಣ್ಣು ಮುಚ್ಚಿ ಒಂದನ್ನು ಎತ್ತಿ ಯಜಮಾನರಿಗೆ ಕೊಟ್ಟಳು. ಇನ್ನೊಂದನ್ನು ಬಿಚ್ಚದೆ ಕರ್ಪೂರಕ್ಕೆ ಹಾಕಿದಳು. ಸೋತ ಚೀಟಿಯನ್ನು ಬಿಚ್ಚಬಾರದು, ಸೋತವನ ಆಯ್ಕೆಯನ್ನು ಓದಿ ನಾಲ್ಕು ಜನರ ಮುಂದೆ ಅವನ ಮುಖ ಕೆಡಿಸಬಾರದು — ಇದು ಯಜಮಾನರ ಮನೆತನದ ಪದ್ಧತಿ. ಎಂಥ ಮರ್ಯಾದೆಯ ಪದ್ಧತಿ! ನನ್ನ ಮೋಸಕ್ಕೆ ಬೇಕಾಗಿದ್ದದ್ದು ಆ ಮರ್ಯಾದೆಯೊಂದೇ. ಕಾಗದ ಸುರುಟಿ ಕಪ್ಪಾಗುವುದನ್ನು ನೀನು ಕೈಮುಗಿದು ನೋಡುತ್ತಿದ್ದೆ. ನಿನ್ನ ಕಾರ್ಡಿನ ಹೆಸರೇ ಇಲ್ಲದ ಕಾಗದಕ್ಕೆ ಕೈಮುಗಿದಿದ್ದೆ.

"ಅವ್ವ ಹೇಳಿದ ಮ್ಯಾಲ ಮುಗೀತು ಬಿಡ್ರಿ ಸರ," ಎಂದೆ. "ನಾನ ಕುಂದ್ರಸ್ತೀನಿ." ಮಾತಿನಲ್ಲಿ ಕಹಿಯೇ ಇರಲಿಲ್ಲ. ನಿನಗೆ ಸೋಲಲೂ ಬರುತ್ತಿತ್ತು. ನನಗೆ ಗೆಲ್ಲಲೂ ಬರಲಿಲ್ಲ. ಹಾಳಾಗಲಿ.

ಕಾರ್ಡು ಬಂತು. ನೀನೇ ಕೂರಿಸಿದೆ, ನೀನೇ ಕುಂಕುಮ ಹಚ್ಚಿದೆ. ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ನಿಂತೆ. ಅದನ್ನು ನೀನು ಮರೆತಿರಬಹುದು. ಮರೆತಿದ್ದರೆ ಈಗ ನೆನಪಿಸಿಕೋ, ಏಕೆಂದರೆ ನನ್ನ ತಪ್ಪಿನಲ್ಲಿ ಚೀಟಿ ಸಣ್ಣದು, ಇದು ದೊಡ್ಡದು.

"ಸರ, ಸಿಟ್ಟಾಗಬ್ಯಾಡ್ರಿ. ಆ ಕಾರ್ಡು ಸುಳ್ಳು ಹೇಳಾಕತ್ತೈತಿ ಅನ್ಸತೈತಿ. ಹಳೇ ಚಿತ್ರ ನಾಕೈದು ತಿರುಗಿ ತಗದು ನೋಡಿದೆ. ಒಂದ್ರಾಗ ತುಣುಕು ಹಾರೈತಿ. ಆದ್ರ ಕಾರ್ಡು ಎಲ್ಲಾ ಸರಿ ಐತಿ ಅಂತೈತಿ."

ನೀನು ಹೇಳಿದ್ದು ಸರಿ. ಕಾರ್ಡಿನ ತಾಳೆಯಲ್ಲೇ ದೋಷವಿತ್ತು. ದಾರಿಯಲ್ಲಿ ಕೆಟ್ಟ ತುಣುಕಿಗೂ ಅದು ಸರಿಯೆಂದು ಮುದ್ರೆ ಒತ್ತಿ ಮುಂದೆ ಕಳಿಸುತ್ತಿತ್ತು. ನಾವು ಎರಡನೇ ಪ್ರತಿ ಎಂದು ತೆಗೆದಿಡುತ್ತಿದ್ದದ್ದು ಆ ಕೆಟ್ಟದ್ದರ ಪ್ರತಿಯನ್ನೇ. ಅವತ್ತೇ ಕಾರ್ಡು ಕಿತ್ತಿದ್ದರೆ ಬೆರಳೆಣಿಕೆಯ ಚಿತ್ರಗಳು ಮಾತ್ರ ಹೋಗುತ್ತಿದ್ದವು. ನಾನು ತಲೆ ಎತ್ತಿದೆ. ಹೇಳಿದ ಮಾತು ಅಕ್ಷರಕ್ಕೆ ಅಕ್ಷರ ನೆನಪಿದೆ — ನೆನಪಿನ ಮೇಲೆ ನನಗಿರುವ ಎಲ್ಲ ಅನುಮಾನಗಳ ನಡುವೆಯೂ ಇದೊಂದು ಸವೆದಿಲ್ಲ.

"ಅವ್ವ ಆರಿಸಿದ ಕಾರ್ಡು ಕಣಯ್ಯಾ ಅದು. ನಿಂಗೆ ಅನುಮಾನ ನನ್ ಮೇಲೋ, ಅವ್ವನ ಮೇಲೋ?"

ನಿನ್ನ ಮುಖ ಇಳಿಯಿತು. "ತಪ್ಪಾತ್ರಿ," ಎಂದೆ — ನನಗಲ್ಲ, ಹಿತ್ತಿಲ ಕಡೆ ತಿರುಗಿ. ಸಂಜೆ ಬೇವಿನ ಬುಡದಲ್ಲಿ ಕಾಯಿ ಒಡೆದು ಹೋದೆ. ಆಮೇಲೆ ನೀನು ಹಳೆಯ ಚಿತ್ರಗಳನ್ನು ತೆಗೆದು ನೋಡಲಿಲ್ಲ. ನೋಡಿದರೆ ಪಾಪ ಎಂದುಕೊಂಡೆ. ನಾನಂತೂ ನಗುವುದನ್ನು ತಡೆದುಕೊಂಡಿದ್ದೆ ಎಂದು — ಇಲ್ಲ. ತಡೆದುಕೊಂಡಿರಲಿಲ್ಲ. ನೀನು ಹೋದ ಮೇಲೆ ನಕ್ಕೆ.

ಮರುವರ್ಷ ತಂಬ್ರಹಳ್ಳಿಯ ಕೆಂಚಮ್ಮ ಬಂದಳು. ಕುರಿ ಕಾಯುವ ಮನೆಯವಳು, ಜೊತೆಗೆ ಅಣ್ಣ. ತಲೆಯೊಳಗಿನ ಒಂದು ಗಂಟು ಹೋದ ವರ್ಷಕ್ಕಿಂತ ಬೆಳೆದಿದೆಯೇ ಎಂದು ಡಾಕ್ಟರು ಹೋಲಿಸಿ ನೋಡಬೇಕಿತ್ತು. ಅದರ ಮೇಲೆ ಆಪರೇಷನ್ ಬೇಕೋ ಬೇಡವೋ ಎಂಬುದು. ಹಳೆಯ ಚಿತ್ರ ತೆಗೆದರು. ಪರದೆಯ ಮೇಲೆ ಅರ್ಧ ತಲೆ, ಉಳಿದರ್ಧ ಬೂದು ಪಟ್ಟೆ. ಗಂಟು ಇದ್ದದ್ದು ಆ ಅರ್ಧದಲ್ಲಿ.

"ಇಲ್ಲೇ ತಗಿಸೀವ್ರಿ ಯಪ್ಪಾ," ಎಂದ ಅಣ್ಣ. "ಫಿಲಂ ಯಾಕ, ನಮ್ ಮಿಷನ್ನಿನ್ಯಾಗ ಇರತೈತಿ ಅಂದಿದ್ರಿ. ಈಗ ನಮ್ ತಂಗಿ ತಲಿ ಎಲ್ಲಿ ಹೋತು?"

ಇನ್ನೊಂದು ತೆಗೆದರು, ಇನ್ನೊಬ್ಬರದು. ಮತ್ತೊಬ್ಬರದು. ಐದೂ ತಾಲ್ಲೂಕಿನ ಚಿತ್ರಗಳಲ್ಲಿ ಎಷ್ಟೋ ಹಾಗೆಯೇ. ಕೆಂಚಮ್ಮನಿಗೆ ಹೊಸ ಚಿತ್ರ ತೆಗೆದು, ಅದರೊಡನೆ ಹೋಲಿಸಲು ಕೆಲವು ತಿಂಗಳು ಕಾದು ಮತ್ತೆ ಬರಲು ಹೇಳಿದರು. ಕುರಿ ಹೊಡೆದುಕೊಂಡು ಅವರು ಹಡಗಲಿಯ ಕಡೆ ಹೋಗುವವರಿದ್ದರು. ಮತ್ತೆ ಬರಲಿಲ್ಲ. ಗಂಟು ಬೆಳೆದಿತ್ತೋ, ಆಕೆ ಇದ್ದಾಳೋ — ನನಗೆ ಗೊತ್ತಿಲ್ಲ. ತಿಳಿಯುವ ದಾರಿ ಇರಲಿಲ್ಲವೆಂದಲ್ಲ, ತಂಬ್ರಹಳ್ಳಿ ಎಷ್ಟು ದೂರ? ನಾನು ವಿಚಾರಿಸಲಿಲ್ಲ.

ಯಜಮಾನರು ಎಲ್ಲರನ್ನೂ ಹಿತ್ತಿಲಲ್ಲಿ ಸೇರಿಸಿದರು. ಅವರ ತರ್ಕ ನೇರವಾಗಿತ್ತು, ಎಲ್ಲೂ ಬಿರುಕಿರಲಿಲ್ಲ. "ಅವ್ವ ಆರಿಸಿದ ಕಾರ್ಡು ಕೆಡಂಗಿಲ್ಲ. ಅಂದ್ಮ್ಯಾಲ ಕೆಟ್ಟದ್ದು ಕೈ." ನನ್ನ ಕಡೆ ನೋಡಿದರು. "ಏನ್ ಸರ?"

ಬಾಯಿ ತೆರೆದರೆ ಎಲ್ಲ ಮುಗಿಯುತ್ತಿತ್ತು. ತೆರೆದೆ.

"ಕಾರ್ಡು ಕೂರಿಸಿದ್ದು ಅವನೇ," ಎಂದೆ.

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ನೋಡು. ಇಂಥ ವಾಕ್ಯ ಕಟ್ಟುವುದರಲ್ಲಿ ನಾನು ಗಟ್ಟಿಗ. ನೀನು ತಿರುಗಿ ಬೀಳುತ್ತೀ, ಮಧ್ಯಾಹ್ನ ಬಂದು ಎಚ್ಚರಿಸಿದ್ದನ್ನು ಹೇಳುತ್ತೀ ಎಂದುಕೊಂಡಿದ್ದೆ. ನೀನು ಹೇಳಿದ್ದು ಬೇರೆ.

"ಖರೇ ಐತ್ರಿ ಧಣೇರ. ಅವ್ವ ಹೇಳಿದ್ ಮ್ಯಾಲೂ ನನ್ನ ಮನಸಿನ್ಯಾಗ ಅನುಮಾನ ಇತ್ತು. ಅನುಮಾನ ಇಟ್ಕೊಂಡ ಕೈ ಹಚ್ಚೀನಿ. ಅದಕ್ಕ ಹಿಂಗಾತು."

ಅವತ್ತೇ ನೀನು ಬಣ್ಣದ ದಾರದ ಉಂಡೆ, ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕೆಲಸ ಹೋದದ್ದಕ್ಕೆ ನಾನಿಷ್ಟು ಬರೆಯುತ್ತಿರಲಿಲ್ಲ. ಕೆಲಸಗಳು ಹೋಗುತ್ತವೆ. ನಿನಗೆ ತಿಳಿದಿದ್ದ ಒಂದೇ ವಿಷಯ — ಯಾವ ಕಾರ್ಡು ಸರಿ, ಯಾವುದು ತಪ್ಪು ಎಂಬ ಆ ಗಟ್ಟಿ ತಿಳಿವಳಿಕೆ — ಅದನ್ನು ದೇವರ ಬಾಯಿಂದ ಸುಳ್ಳೆನ್ನಿಸಿದೆ. ಅದು ನಾನು ಕಿತ್ತುಕೊಂಡದ್ದು.

ಇನ್ನೂ ಒಂದಿದೆ. ನೀನು ಹೋದ ಸ್ವಲ್ಪ ದಿನಕ್ಕೆ ನಾನು ತರಿಸಿ ಹಾಕಿದ್ದು ನೀನು ಹೇಳಿದ್ದ ಅದೇ ಹೋಸ್ಟ್ ಅಡಾಪ್ಟರ್‌ಗಳನ್ನು. ಎರಡು. ಹಳೆಯದರ ಅವಧಿ ಮುಗಿಯಿತು ಎಂದು ಯಜಮಾನರಿಗೆ ಹೇಳಿದೆ. ಚೀಟಿಯ ಮಾತು ಬರಲಿಲ್ಲ. ಇಂದಿಗೂ ಅವೇ ಓಡುತ್ತಿವೆ. ಒಂದು ಚಿತ್ರ ಕೆಟ್ಟಿಲ್ಲ. ಅವು ಓಡುವ ಪ್ರತಿ ದಿನವೂ ನಿನ್ನ ಮಾತೇ ಗೆಲ್ಲುತ್ತಿದೆ, ಅದನ್ನು ನೋಡುತ್ತಾ ನಾನು ಸಂಬಳ ತೆಗೆದುಕೊಳ್ಳುತ್ತಿದ್ದೇನೆ.

ಹೋದ ತಿಂಗಳು ಕೂಡ್ಲಿಗಿ ಶಾಖೆಗೆ ಹೋಗಿದ್ದವನು ಕಾನಹೊಸಹಳ್ಳಿಯಲ್ಲಿ ಇಳಿದೆ. ಹೇಳಿಬಿಡಲು ಇಳಿದೆ ಎಂದು ಬರೆಯಲು ಆಸೆಯಾಗುತ್ತಿದೆ. ಬಾಯಾರಿಕೆಗೆ ಇಳಿದೆನೇನೋ. ಹೆದ್ದಾರಿಯ ಪಕ್ಕ ನಿನ್ನ ಜೆರಾಕ್ಸ್ ಅಂಗಡಿ. ಯಾರೋ ಒಬ್ಬಳು ಕೆಟ್ಟ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು. "ಬಿಚ್ಚಂಗಿಲ್ಲವ್ವಾ, ನನ್ನ ಕೈ ಸರಿ ಇಲ್ಲ. ಕೂಡ್ಲಿಗಿಗೆ ಒಯ್ಯಿ," ಎಂದು ನೀನು ಅವಳಿಗೆ ಹೇಳುತ್ತಿದ್ದೆ. ದೂರದಿಂದ ನೋಡಿದರೇ ನನಗೆ ಗೊತ್ತಾಗಿತ್ತು, ಅದರ ಚಾರ್ಜರ್ ಪಿನ್ನು ಸಡಿಲ ಅಷ್ಟೇ. ನಿನಗೂ ಗೊತ್ತಾಗಿರುತ್ತದೆ.

ನನ್ನನ್ನು ಕಂಡು ಸ್ಟೂಲು ಒರೆಸಿ ಹಾಕಿದೆ. "ಬರ್ರಿ ಸರ, ಬರ್ರಿ. ಹೊಟ್ಟಿ ಬಂದೈತಲ್ರಿ ನಿಮಗ, ಊರಮ್ಮ ಛಲೋ ಇಟ್ಟಾಳ." ಚಹಾ ತರಿಸಿದೆ. ನನ್ನ ಕೈಲಿದ್ದ ಕೇಂದ್ರದ ಕಾಗದಗಳಿಗೆ ಪ್ರತಿ ತೆಗೆದುಕೊಟ್ಟೆ — ಕಾಗದವನ್ನು ಬೋರಲು ಹಾಕುವಾಗ ಎಂದಿನಂತೆ ಒಂದು ಸಾಲೂ ಓದದೆ, ಮುಖ ರಸ್ತೆಯ ಕಡೆಗೆ. ಸಿಳ್ಳೆ ಇರಲಿಲ್ಲ. ನಾನು ಹೊರಡುವಾಗ ನೀನು ಕೇಳಿದೆ, "ನಾಕು ಬಾಯಿದು ಇನ್ನೂ ಓಡತೈತೇನ್ರಿ?"

"ಓಡ್ತಿದೆ," ಎಂದೆ ನಾನು.

"ಅವ್ವನ ಕಾರ್ಡಲ್ರಿ," ಎಂದು ನೀನು ಕೈ ಎತ್ತಿ ಎದೆಗೆ ಮುಟ್ಟಿಸಿಕೊಂಡೆ.

ಹಿಂದಿರುಗುವ ಬಸ್ಸಿನಲ್ಲಿ ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ! ಒಂದು ಸಲವಾದರೂ ನನ್ನನ್ನು ಅನುಮಾನಿಸಬಾರದಿತ್ತೇ ನೀನು?

ಚೀಟಿಯ ಮೋಸವನ್ನು ನಾನು ಮೊದಲು ಹೇಳಿದ್ದು ಹುಲಿಗೆಮ್ಮನಿಗೆ. ಆಕೆ ಬೇವಿನ ಎಲೆ ಗುಡಿಸುತ್ತಿದ್ದಳು. ಸುಲಭದವಳು, ಓದು ಬಾರದವಳು, ಅತ್ತು ಬಿಟ್ಟುಬಿಡುತ್ತಾಳೆ ಎಂಬ ಲೆಕ್ಕ ನನ್ನದು. ಆಕೆ ಪೊರಕೆ ಕೆಳಗಿಟ್ಟು ತನ್ನ ಬಲಗೈಯನ್ನು ಬಹಳ ಹೊತ್ತು ನೋಡಿಕೊಂಡಳು.

"ಲೇ ಮೂಳಾ," ಎಂದಳು. ಇಷ್ಟು ವರ್ಷ ಸರ ಎಂದವಳು. "ಆಕಿ ನನ್ನ ಕೈಯಾಗ ಮಾತಾಡ್ತಾಳಂತ ನಾ ಆ ಕೈಲೆ ಉಣ್ಣಾಕ ಹೆದರತಿದ್ದೆ. ನೀ ಆ ಕೈಯಾಗ ಸುಳ್ಳು ಇಟ್ಟಿ."

"ತಪ್ಪಾಯ್ತು ಹುಲಿಗವ್ವಾ."

"ನನ್ನ ಮುಂದ್ಯಾಕ ಊಳಿಡ್ತಿ? ನಾ ಏನ್ ಕಳಕೊಂಡೀನಿ, ಮುದುಕಿ? ಅವನ ಕೈ ಸುಟ್ಟು ಕುಂತೈತಲ್ಲಿ. ಅವಗ ಹೇಳು ಹೋಗು. ಹೇಳೂತನಕ ಈ ಗಿಡದ ನೆಳ್ಳಿಗೆ ಬರಬ್ಯಾಡ." ಪೊರಕೆ ಎತ್ತಿ ನಾನು ನಿಂತಿದ್ದ ಜಾಗವನ್ನು ಗುಡಿಸತೊಡಗಿದಳು. ನನ್ನ ಕಾಲನ್ನು ಸೇರಿಸಿ.

ಅದಕ್ಕೇ ಈ ಹಾಳೆಗಳು. ಸುಟ್ಟ ಚೀಟಿಗೆ ಸಾಕ್ಷಿಯಿಲ್ಲ. ನನ್ನ ಮಾತೊಂದೇ ಇರುವುದು, ಅದು ಎಂಥ ಮಾತೆಂದು ಮೇಲೆ ಬರೆದಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ — ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ಆ ನಿನ್ನ ಒಳ್ಳೆಯತನವನ್ನು ಹೊತ್ತು ತಿರುಗುವ ಶಕ್ತಿ ನನಗಿಲ್ಲ. ನಿನ್ನ ಕೈ ಕೆಟ್ಟಿರಲಿಲ್ಲ. ನಿನ್ನ ಅನುಮಾನ ಸರಿಯಿತ್ತು. ಇಷ್ಟು ನಿನಗೆ ಮುಟ್ಟಬೇಕು. ಆಮೇಲೆ ನನ್ನ ಹೆಸರು ನಿನ್ನ ಬಾಯಲ್ಲಿ ಏನಾದರೂ ಆಗಲಿ.

ತಂಬ್ರಹಳ್ಳಿಗೂ ಹೋಗುತ್ತೇನೆ. ಕೆಂಚಮ್ಮನ ಮನೆ ಕೇಳುತ್ತೇನೆ. ಅಲ್ಲಿ ಏನು ಕಾದಿದೆಯೋ ನನಗೆ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎಂದು ಇನ್ನೊಮ್ಮೆ ಬರೆಯಲಾರೆ.

ಅದಕ್ಕೂ ಮೊದಲು, ಮಂಗಳವಾರ, ಕಾನಹೊಸಹಳ್ಳಿ. ಈ ಹಾಳೆಗಳಿಗೆ ಎರಡು ಪ್ರತಿ ಬೇಕು — ಒಂದು ಯಜಮಾನರ ಮೇಜಿಗೆ, ಇನ್ನೊಂದನ್ನು ಬೇವಿನ ಬುಡದಲ್ಲಿ ನಿಂತು ಹುಲಿಗೆಮ್ಮನಿಗೆ ಓದಿ ಹೇಳಲು. ಮೂಲ ನಿನಗೆ. ನಿನ್ನ ಅಂಗಡಿಯಲ್ಲೇ ತೆಗೆಸುತ್ತೇನೆ. ನೀನು ಸ್ಟೂಲು ಒರೆಸುತ್ತೀ, ಚಹಾ ಹೇಳುತ್ತೀ, ಮೊದಲ ಹಾಳೆಯನ್ನು ಗಾಜಿನ ಮೇಲೆ ಬೋರಲು ಹಾಕಿ, ಓದದೆ, ಮುಖವನ್ನು ರಸ್ತೆಯ ಕಡೆ ತಿರುಗಿಸುತ್ತೀ. ಆಗ ನಾನು ನಿನ್ನ ಮಣಿಕಟ್ಟು ಹಿಡಿದು, ಹಾಳೆಯನ್ನು ತಿರುವಿ ನಿನ್ನ ಕೈಗೆ ಕೊಟ್ಟು, ಒಂದೇ ಮಾತು ಹೇಳುತ್ತೇನೆ — ಓದು.